‘ಪ್ರಾಯೋಗಿಕ ಧ್ವನಿ ಕಲೆ’ ಅನ್ನೋದಕ್ಕೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಸ್ವಲ್ಪ ಬೇಗ ಬೇಕಾಗಿದೆ.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಸಮುದಾಯ ಬಾನುಲಿಗೆ ನಾನು ಆಗಾಗ ನಿರೂಪಣೆ ಬರೆದುಕೊಡುತ್ತೇನೆ. ಅಲ್ಲಿನ ಹುಡುಗಿಯೊಬ್ಬಳು ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳ ಸಾಕುವ ಮನೆಯಲ್ಲಿ ಮೈಕ್ ಇಟ್ಟು 15 ನಿಮಿಷದ ಕಾರ್ಯಕ್ರಮ ಮಾಡಿದ್ದಾಳೆ. ಮಾತಿಲ್ಲ, ಹಾಡಿಲ್ಲ, ಕಥೆಯೂ ಇಲ್ಲ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತಕ್ಕೆ ಹೀಗಂತಾರೆ) ಎದ್ದ ಹುಳಗಳು ಸೊಪ್ಪು ತಿನ್ನುವ ಸದ್ದು, ಅದರ ಮೇಲೆ ಕಡ್ಡಿ ಸಮೇತ ಸೊಪ್ಪು ಹಾಸುವ ಸದ್ದು, ಆಮೇಲೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆಯಲ್ಲಿ ಗೂಡು ಬೇಯುವ ನೀರು, ತಿರುಗುವ ಚರಕ. ಇವನ್ನು ಕತ್ತರಿಸಿ, ಒಂದರ ಮೇಲೊಂದು ಹಾಕಿ, ಕೆಲವು ಕಡೆ ನಿಧಾನ ಮಾಡಿ ಜೋಡಿಸಿದ್ದಾಳೆ. ಹುಳ ಸೊಪ್ಪು ತಿನ್ನುವ ಸದ್ದನ್ನು ನಿಧಾನ ಮಾಡಿದಾಗ ಅದು ಹುಳದ ಸದ್ದು ಅಂತ ಗೊತ್ತೇ ಆಗೋದಿಲ್ಲ, ಯಾರೋ ಒಣಗಿದ ಗರಿಯನ್ನು ನೆಲದ ಮೇಲೆ ಎಳೆದುಕೊಂಡು ಹೋದಂತೆ ಕೇಳಿಸುತ್ತದೆ. ಚೆನ್ನಾಗಿದೆ. ಆದರೆ ಕಾರ್ಯಕ್ರಮಗಳ ಪಟ್ಟಿಯಲ್ಲಿ ಯಾರೋ ಅದನ್ನು ‘ಪ್ರಾಯೋಗಿಕ ಧ್ವನಿ ಕಲೆ’ ಅಂತ ಬರೆದಿಟ್ಟಿದ್ದಾರೆ. ನಿರೂಪಕಿ ಅದನ್ನೇ ಓದಬೇಕಂತೆ.

‘ಪ್ರಾಯೋಗಿಕ’ ಅಂದ ಕೂಡಲೇ ಮಕ್ಕಳಿಗೆ ನೆನಪಾಗೋದು ಲ್ಯಾಬಿನ ಪರೀಕ್ಷೆ. ಅದಿರಲಿ, ರೇಡಿಯೋದಲ್ಲಿ ಈ ಪದಕ್ಕೆ ಮೊದಲೇ ಒಂದು ಕೆಲಸ ಇದೆ: ‘ಪ್ರಾಯೋಗಿಕ ಪ್ರಸಾರ’ ಅಂದರೆ ಸ್ಟೇಷನ್ ಸರಿಯಾಗಿ ಶುರುವಾಗುವ ಮುಂಚೆ ಮಾಡುವ ಟೆಸ್ಟಿಂಗ್. ಅದನ್ನು ಹೇಳಿ, ಆಮೇಲೆ ಮಾತೇ ಇಲ್ಲದ 15 ನಿಮಿಷ ಬಿಟ್ಟರೆ ಯಂತ್ರ ಕೆಟ್ಟಿದೆ ಅಂತ ಸ್ಟೇಷನ್ನಿಗೆ ಫೋನ್ ಬರೋದು ಗ್ಯಾರಂಟಿ. ‘ಪ್ರಯೋಗಶೀಲ’ ಅಂತ ಮಾಡಬಹುದು, ನಾಟಕದ ವಿಮರ್ಶೆಗಳಲ್ಲಿ ಕಾಣುತ್ತದೆ, ಆದರೆ ಬಾಯಲ್ಲಿ ಹೇಳೋಕೆ ಭಾರ. ನನ್ನ ಪ್ರಕಾರ ಈ ಪದವನ್ನೇ ಕೈಬಿಡಬಹುದು. ಅಡುಗೆ ಬಡಿಸುವಾಗ ‘ಇದು ಪ್ರಯೋಗ’ ಅಂತ ಹೇಳಿ ಬಡಿಸ್ತೀವಾ?

ನಿಜವಾದ ತೊಡಕು ‘ಧ್ವನಿ’ಯದು. ನಮಗೆ ಧ್ವನಿ ಅಂದರೆ ಗಂಟಲು, ಅಂದರೆ ಮನುಷ್ಯ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲಿ ಕೇಬಲ್ ಮೂಲಕ ಶುರುವಾದ ಸಮುದಾಯ ರೇಡಿಯೋಗೆ ‘ನಮ್ಮ ಧ್ವನಿ’ ಅಂತ ಹೆಸರಿಟ್ಟಾಗ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ದನಿ ಎತ್ತೋದು, ದನಿ ಇಲ್ಲದವರು, ಎಲ್ಲವೂ ಜನರ ಮಾತೇ. ಇನ್ನು ಕನ್ನಡ ಎಂ.ಎ. ಓದಿದವರಿಗೆ ಧ್ವನಿ ಅಂದರೆ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ: ಹೇಳದೆಯೇ ಹೊಳೆಯುವ ಅರ್ಥ. ಈ ಹುಡುಗಿಯ ಕೆಲಸದಲ್ಲಿ ಹೊಳೆಯಬೇಕಾದ ಅರ್ಥವೇ ಇಲ್ಲ. ಸದ್ದನ್ನು ಸದ್ದಾಗಿಯೇ ಕೇಳಿ ಅನ್ನೋದಷ್ಟೇ ಅವಳ ಬೇಡಿಕೆ.

‘ಶಬ್ದ’? ಕೇಶಿರಾಜನ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ಅದು ಪದ, ಶಬ್ದಮಾಲಿನ್ಯದಲ್ಲಿ ಅದು ಗದ್ದಲ. ‘ನಾದ’ ಅಂದರೆ ಶ್ರುತಿ ಸೇರಿರಬೇಕು ಅನಿಸುತ್ತದೆ, ಚರಕಕ್ಕೆ ಶ್ರುತಿ ಎಲ್ಲಿ. ಉಳಿಯೋದು ‘ಸದ್ದು’. ಇದು ‘ಶಬ್ದ’ದ ತದ್ಭವವೇ, ಆದರೆ ವ್ಯಾಕರಣದ ಗೊಡವೆ ಬಿಟ್ಟು ಮನೆ ಸೇರಿಕೊಂಡಿದೆ. ಪಾತ್ರೆ ಬಿದ್ದರೂ ಸದ್ದು, ಎಲೆ ಅಲುಗಿದರೂ ಸದ್ದು. ಮಾಡಿದ್ದು ಮನುಷ್ಯನೇ ಆಗಿರಬೇಕು ಅಂತೇನಿಲ್ಲ. ನಮ್ಮ ಕಡೆ ತೆಲುಗು ಮನೆಮಾತಿನವರು ಚಪ್ಪುಡು ಅಂತಾರೆ, ರೀಲಿಂಗ್ ಮಾಡುವ ಉರ್ದು ಮಾತಿನವರು ಆವಾಜ್ ಅಂತಾರೆ (ಕನ್ನಡಕ್ಕೆ ಬಂದಮೇಲೆ ಅದು ‘ಅವಾಜ್ ಹಾಕೋದು’ ಆಗಿ ಪುಂಡಾಟಿಕೆಗೆ ಸೇರಿಬಿಟ್ಟಿದೆ, ಪಾಪ), ಎಲ್ಲರೂ ಸೇರಿ ಸೌಂಡು ಅಂತಾರೆ. ಆದರೂ ‘ಸದ್ದು’ ಅಂದರೆ ಈ ಮೂರೂ ಮನೆಯವರಿಗೆ ಗೊತ್ತಾಗುತ್ತದೆ.

ಹಾಗಾದರೆ ‘ಕಲೆ’ಯ ಜಾಗದಲ್ಲಿ ಏನಿಡೋದು? ಇಂಥ ಕೆಲಸ ಹೊಸದೇನಲ್ಲ. 1930ರಲ್ಲೇ ವಾಲ್ಟರ್ ರುಟ್‌ಮನ್ ಅನ್ನೋ ಜರ್ಮನ್ ಸಿನಿಮಾ ನಿರ್ದೇಶಕ ಚಿತ್ರವೇ ಇಲ್ಲದ ಸಿನಿಮಾ ರೀಲಿನ ಮೇಲೆ ಬರೀ ಸದ್ದು ಹಿಡಿದು ‘ವೀಕೆಂಡ್’ ಅಂತ 11 ನಿಮಿಷ ಚಿಲ್ಲರೆಯ ಒಂದು ಕೃತಿ ಮಾಡಿ ಬರ್ಲಿನ್ ರೇಡಿಯೋದಲ್ಲಿ ಬಿಟ್ಟ. ಗರಗಸ, ಗಂಟೆ, ಪದ್ಯ ಒಪ್ಪಿಸುವ ಮಕ್ಕಳು, ಎಲ್ಲ ಅದರಲ್ಲಿವೆ. 1948ರ ಅಕ್ಟೋಬರಿನಲ್ಲಿ ಪ್ಯಾರಿಸ್ ರೇಡಿಯೋದ ಎಂಜಿನಿಯರ್ ಪಿಯರ್ ಶೆಫರ್ ರೈಲು ಎಂಜಿನ್ನುಗಳ ಸದ್ದಿನಿಂದ ಒಂದು ರಚನೆ ಮಾಡಿ ಪ್ರಸಾರ ಮಾಡಿದ. ಇಂಥ ರಚನೆಗೆ ಅವನು ಇಟ್ಟ ‘ಮ್ಯೂಜಿಕ್ ಕಾಂಕ್ರೆಟ್’ ಅನ್ನೋ ಹೆಸರನ್ನು ಕನ್ನಡಕ್ಕೆ ಎಳೆದು ತಂದರೆ ‘ಮೂರ್ತ ಸಂಗೀತ’ ಆಗುತ್ತದೆ, ನಮ್ಮೂರಲ್ಲಿ ಕೇಳಿದವರು ದೇವಸ್ಥಾನದ ಕಾರ್ಯಕ್ರಮ ಅಂದುಕೊಂಡಾರು. ಬಿಟ್ಟುಬಿಡೋಣ.

ನನಗೆ ಹಿಡಿಸಿದ್ದು ಜರ್ಮನ್ನರ ‘ಹೋರ್‌ಶ್ಪೀಲ್’. ಹೋರ್ ಅಂದರೆ ಕೇಳು. ಶ್ಪೀಲ್ ಅಂದರೆ ಮಕ್ಕಳು ಆಡುವ ಆಟವೂ ಹೌದು, ರಂಗದ ಮೇಲಿನ ನಾಟಕವೂ ಹೌದು. ಕನ್ನಡದ ‘ಆಟ’ವೂ ಹಾಗೇ ಅಲ್ವಾ? ತುಮಕೂರು ಕಡೆ ಮೂಡಲಪಾಯ ಅನ್ನೋ ಜನಪದ ರಂಗ ಪ್ರದರ್ಶನ ನಡೆದರೆ ‘ಆಟ ನೋಡೋಕೆ ಹೋಗಿದ್ವಿ’ ಅಂತಾರೆ. ಬಯಲಾಟ, ಗೊಂಬೆಯಾಟ ಇದ್ದೇ ಇವೆ. ಆ ಜರ್ಮನ್ ಪದಕ್ಕೆ ನಾವು ‘ಬಾನುಲಿ ನಾಟಕ’ ಅಂದುಬಿಟ್ಟೆವು. ಪಾತ್ರ, ಸಂಭಾಷಣೆ ಇರುವಾಗ ಅದು ಸರಿ. ಎರಡೂ ಇಲ್ಲದಿರುವಾಗ ‘ಆಟ’ವೇ ವಾಸಿ ಅನಿಸುತ್ತದೆ. ಮೊದಲು ‘ಕೇಳಾಟ’ ಅಂತ ಯೋಚಿಸಿದ್ದೆ. ಆದರೆ ಗೋಳಾಟ, ಪರದಾಟದ ಸಾಲಿನಲ್ಲಿ ಅದೂ ನಿಂತು ಕೊರಗಿನ ಹಾಗೆ ಕೇಳಿಸುತ್ತದೆ. ಜೊತೆಗೆ ‘ಕೇಳು’ ಅಂದರೆ ಪ್ರಶ್ನೆಯೂ ಹೌದು. ಗೂಡಿನ ಮಾರುಕಟ್ಟೆಯಲ್ಲಿ ‘ಎಷ್ಟಕ್ಕೆ ಕೇಳಿದ್ರು?’ ಅನ್ನೋದು ಕಿವಿಯ ಮಾತಲ್ಲ, ರೇಟಿನ ಮಾತು.

ಅದಕ್ಕೇ ‘ಸದ್ದಿನಾಟ’ ಅಂತ ಇಡೋಣ ಅಂತಿದ್ದೇನೆ. ‘ಈಗ ಕೇಳಿ, ಹುಳು ಮನೆಯ ಸದ್ದಿನಾಟ.’ ಬಾಯಲ್ಲಿ ಸಲೀಸಾಗಿ ಬರುತ್ತದೆ, ಒತ್ತಕ್ಷರದ ಗುಡ್ಡ ಹತ್ತಬೇಕಾಗಿಲ್ಲ. ಒಬ್ಬ ಸ್ನೇಹಿತರು ಇದು ಮಕ್ಕಳ ಕಾರ್ಯಕ್ರಮದ ಹೆಸರಿನ ಹಾಗಿದೆ ಅಂದರು. ಇರಬಹುದು. ಆದರೆ ಗೊಂಬೆಯಾಟ ಬರೀ ಮಕ್ಕಳದ್ದಲ್ಲವಲ್ಲ.

‘ಕೇಳಿ’ ಬದಲು ‘ಆಲಿಸಿ’ ಅನ್ನಬೇಕಾ ಅನ್ನೋದು ಇನ್ನೊಂದು ಅನುಮಾನ. ಶೆಫರ್ 1966ರ ಪುಸ್ತಕದಲ್ಲಿ ಕೇಳುವಿಕೆಯನ್ನು ನಾಲ್ಕು ಬಗೆ ಮಾಡಿದ್ದಾನೆ. ನಮ್ಮಲ್ಲೂ ಕಿವಿಗೆ ಬೀಳೋದು, ಕೇಳಿಸಿಕೊಳ್ಳೋದು, ಕಿವಿಗೊಡೋದು, ಆಲಿಸೋದು ಬೇರೆ ಬೇರೆಯೇ. ಇಲ್ಲಿಗೆ ಒಪ್ಪೋದು ‘ಆಲಿಸಿ’ಯೇ. ತೊಂದರೆ ಏನಂದ್ರೆ ಜನಪ್ರತಿನಿಧಿಗಳು ಅಹವಾಲು ‘ಆಲಿಸಿ’ ‘ಆಲಿಸಿ’ ಆ ಪದಕ್ಕೆ ಕಚೇರಿ ವಾಸನೆ ಹತ್ತಿದೆ.

ಈಗ ನನ್ನ ಪ್ರಶ್ನೆಗಳು. ‘ಸದ್ದಿನಾಟ’ವನ್ನು ಯಾರಾದರೂ ಈಗಾಗಲೇ ಬೇರೆ ಅರ್ಥದಲ್ಲಿ ಬಳಸಿದ್ದನ್ನು ನೋಡಿದ್ದೀರಾ? ಆಕಾಶವಾಣಿಯಲ್ಲಿ ಕೆಲಸ ಮಾಡಿದವರು ಇದ್ದರೆ, ಮಾತಿಲ್ಲದ ರೇಡಿಯೋ ‘ರೂಪಕ’ಕ್ಕೆ ನಿಮ್ಮಲ್ಲಿ ಏನಂತಿದ್ರಿ? ಮತ್ತೆ, ಹುಳ ಸೊಪ್ಪು ತಿನ್ನುವ ಸದ್ದಿಗೆ ನಮ್ಮ ಕಡೆ ಕೆಲವರು ಚರಚರ ಅಂತಾರೆ, ಕೆಲವರು ಸರಸರ, ಇನ್ನು ಕೆಲವರು ಸೋನೆ ಮಳೆ ಹುಯ್ದಂಗೆ ಅಂತಾರೆ. ರಾಮನಗರ, ಕೊಳ್ಳೇಗಾಲದ ಕಡೆ ಹುಳ ಸಾಕಿದವರು ಏನಂತೀರಿ ತಿಳಿಸಿ. ಒಳ್ಳೇದು ಸಿಕ್ಕಿದರೆ ಕಾರ್ಯಕ್ರಮಕ್ಕೆ ಅದನ್ನೇ ಹೆಸರಿಟ್ಟು ಈ ‘ಕಲೆ’ಯ ತಾಪತ್ರಯ ಮುಗಿಸಿಬಿಡ್ತೀವಿ.