ಪದಚರ್ಚೆ: ವೈಫೈ ಪಾಠದಲ್ಲಿ ‘ಕ್ಯೂ’, ‘ಕಂಜೆಶನ್’, ‘ಡ್ರಾಪ್’

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ವೈಫೈ ಜಾಲಗಳ ಕುರಿತು ಒಂದು ಪಾಠವನ್ನು ಬರೆಯುತ್ತಿದ್ದೇನೆ. ರೂಟರಿನೊಳಗೆ ದತ್ತಾಂಶದ ಚಿಕ್ಕ ತುಣುಕುಗಳು, ಅಂದರೆ ಪ್ಯಾಕೆಟ್‌ಗಳು, ಕಾದು ನಿಲ್ಲುವುದು ಮತ್ತು ಆ ಕಾಯುವಿಕೆಯನ್ನು ಹತೋಟಿಯಲ್ಲಿಡುವುದು ಪಾಠದ ವಿಷಯ. ಪ್ಯಾಕೆಟ್, ರೂಟರ್, ಬಫರ್ (ಪ್ಯಾಕೆಟ್‌ಗಳು ಕಾಯುವ ಜಾಗ) ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತೊಡಕಾಗಿರುವುದು ಕ್ಯೂ, ಕಂಜೆಶನ್, ಡ್ರಾಪ್ ಎಂಬ ಮೂರರಲ್ಲಿ. ಇವಕ್ಕೆ ಕನ್ನಡದಲ್ಲಿ ಪದಗಳಿಲ್ಲವೆಂದಲ್ಲ. ಒಂದೊಂದಕ್ಕೂ ಹಲವು ಪದಗಳಿದ್ದು, ಅವು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ.

ಕ್ಯೂ ಎಂಬುದಕ್ಕೆ ಪತ್ರಿಕೆಗಳು ‘ಸರತಿ ಸಾಲು’ ಎಂದು ಬರೆಯುತ್ತವೆ. ಬರಿಯ ‘ಸಾಲು’ ಎಂದರೆ ಕಾಯುವಿಕೆಯ ಅರ್ಥ ಬರುವುದಿಲ್ಲ, ರಸ್ತೆ ಬದಿಯ ಮರಗಳೂ ಸಾಲಾಗಿಯೇ ನಿಂತಿರುತ್ತವೆ. ಮೇಲಾಗಿ ‘ಈ ಸಾಲಿನ’ ಎಂದೊಡನೆ ಆಯವ್ಯಯದ ವರ್ಷ ನೆನಪಾಗುತ್ತದೆ. ಉತ್ತರ ಕರ್ನಾಟಕದಲ್ಲಿ ‘ಪಾಳಿ ಹಚ್ಚುವುದು’ ಎಂಬ ಸೊಗಸಾದ ಬಳಕೆಯಿದೆ, ಆದರೆ ಉಳಿದೆಡೆ ಪಾಳಿ ಎಂದರೆ ಕಾರ್ಖಾನೆಯ ಪಾಳಿ. ‘ಸರದಿ’ಯನ್ನು ನಾನು ಬೇರೊಂದು ಕೆಲಸಕ್ಕೆ ಕಾದಿರಿಸಿದ್ದೇನೆ. ವೈಫೈಯಲ್ಲಿ ಸಾಧನಗಳಿಗೆ ಸುಮಾರಾಗಿ ಸಮನಾದ ಸರದಿಗಳು ಸಿಗುತ್ತವೆಯೇ ಹೊರತು ಸಮನಾದ ಹೊತ್ತು ಸಿಗುವುದಿಲ್ಲ: ಸೆಕೆಂಡಿಗೆ 60 ಮೆಗಾಬಿಟ್ ವೇಗದಲ್ಲಿ ಮಾತಾಡುವ ಫೋನಿನ ಪಕ್ಕದಲ್ಲಿ 6 ಮೆಗಾಬಿಟ್ ವೇಗದ ಹಳೆಯ ಫೋನೊಂದಿದ್ದರೆ, ಅಷ್ಟೇ ಗಾತ್ರದ ಪ್ಯಾಕೆಟ್ಟಿಗೆ ಅದು ಹತ್ತರಷ್ಟು ಹೊತ್ತು ಗಾಳಿಯನ್ನು ಹಿಡಿದುಕೊಳ್ಳುತ್ತದೆ. ಈ ಅನ್ಯಾಯವನ್ನು ವಿವರಿಸಲು ‘ಸರದಿ’ ಮತ್ತು ‘ಹೊತ್ತು’ ಎಂಬ ಜೋಡಿಗಿಂತ ಸ್ಪಷ್ಟವಾದದ್ದು ನನಗೆ ಸಿಕ್ಕಿಲ್ಲ. ಆದ್ದರಿಂದ ಕ್ಯೂಗೆ ‘ಸರತಿ ಸಾಲು’, ಎರಡನೆಯ ಬಾರಿಯಿಂದ ‘ಸಾಲು’ ಎಂದು ತೀರ್ಮಾನಿಸಿದ್ದೇನೆ.

ನಿಜವಾದ ಕಷ್ಟ ಇಲ್ಲಿಂದ ಮುಂದಿದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ, ರೂಟರಿನ ಸಾಲನ್ನು ಹತೋಟಿಯಲ್ಲಿಡುವ ‘ಕೋಡೆಲ್’ ಎಂಬ ವಿಧಾನವನ್ನು ಪ್ರಕಟಿಸಿದಾಗ ಒಳ್ಳೆಯ ಸಾಲು, ಕೆಟ್ಟ ಸಾಲು ಎಂಬ ಭೇದವನ್ನು ಮುಂದಿಟ್ಟರು. ನ್ಯಾಯಬೆಲೆ ಅಂಗಡಿಯ ಮುಂದೆ ಬಸ್ಸಿನಿಂದಿಳಿದ ಹತ್ತು ಜನ ಒಮ್ಮೆಲೇ ಬಂದು ನಿಂತು, ಹತ್ತು ನಿಮಿಷದಲ್ಲಿ ಅಕ್ಕಿ ಪಡೆದು ಹೊರಟರೆ ಅದು ಒಳ್ಳೆಯ ಸಾಲು. ಅದೇ ಅಂಗಡಿಯಲ್ಲಿ ಬಾಗಿಲು ತೆರೆಯುವ ಮೊದಲೇ ಇಪ್ಪತ್ತು ಜನ ನಿಂತಿದ್ದು, ಆಮೇಲೆ ನಿಮಿಷಕ್ಕೊಬ್ಬರು ಹೋಗುತ್ತ ನಿಮಿಷಕ್ಕೊಬ್ಬರು ಬಂದು ಸೇರುತ್ತಿದ್ದರೆ, ಸಂಜೆಯವರೆಗೂ ಸಾಲು ಇಪ್ಪತ್ತರಲ್ಲಿಯೇ ಇರುತ್ತದೆ. ಅಂಗಡಿಯವನು ಒಂದು ಕಿಲೋ ಅಕ್ಕಿಯನ್ನೂ ಹೆಚ್ಚಿಗೆ ಅಳೆಯುವುದಿಲ್ಲ, ಬಂದವರೆಲ್ಲರೂ ಮಾತ್ರ ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಲ್ಲುತ್ತಾರೆ. ಇಂಗ್ಲಿಷಿನವರು ಇದನ್ನು ‘ಸ್ಟ್ಯಾಂಡಿಂಗ್ ಕ್ಯೂ’ ಎನ್ನುತ್ತಾರೆ. ‘ನಿಂತ ಸಾಲು’ ಎಂದರೆ ಅನರ್ಥ, ಏಕೆಂದರೆ ಈ ಸಾಲು ಸಾಗುತ್ತಲೇ ಇರುತ್ತದೆ. ಜನ ಕರಗಿದರು, ಗುಂಪು ಕರಗಿತು ಎಂದು ನಾವು ದಿನವೂ ಆಡುವ ಮಾತನ್ನು ಹಿಡಿದು ‘ಕರಗುವ ಸಾಲು’, ‘ಕರಗದ ಸಾಲು’ ಎಂದು ಬರೆದಿದ್ದೇನೆ.

ಕೋಡೆಲ್ ಅಳೆಯುವುದು ಸಾಲಿನ ಉದ್ದವನ್ನಲ್ಲ, ಪ್ರತಿಯೊಂದು ಪ್ಯಾಕೆಟ್ಟೂ ಸಾಲಿನಲ್ಲಿ ಕಳೆದ ಹೊತ್ತನ್ನು. 1500 ಬೈಟಿನ ಸಾವಿರ ಪ್ಯಾಕೆಟ್‌ಗಳ ಸಾಲನ್ನು ತೆಗೆದುಕೊಳ್ಳಿ: ವೇಗ 100 ಮೆಗಾಬಿಟ್ ಇರುವಾಗ ಅದು 0.12 ಸೆಕೆಂಡಿನಲ್ಲಿ ಖಾಲಿಯಾಗುತ್ತದೆ, ಫೋನ್ ಹಿಡಿದು ಹಿತ್ತಿಲಿಗೆ ಹೋದಾಗ ವೇಗ 6 ಮೆಗಾಬಿಟ್ಟಿಗೆ ಇಳಿದರೆ ಅದೇ ಸಾಲಿಗೆ 2 ಸೆಕೆಂಡು ಬೇಕು. ನಿಸ್ತಂತು ಜಾಲದಲ್ಲಿ ಉದ್ದದ ಅಳತೆ ಯಾವ ಪ್ರಯೋಜನಕ್ಕೂ ಬಾರದಿರುವುದು ಇದರಿಂದಲೇ. ಈ ಹೊತ್ತಿಗೆ, ಬಸ್ ತಂಗುದಾಣದ ನೆನಪಿನಲ್ಲಿ, ‘ತಂಗುವ ಕಾಲ’ ಎಂದಿದ್ದೇನೆ: ತಂಗುವ ಕಾಲವು 100 ಮಿಲಿಸೆಕೆಂಡುಗಳ ಉದ್ದಕ್ಕೂ ಒಮ್ಮೆಯೂ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದಿದ್ದರೆ ಸಾಲು ಕರಗುತ್ತಿಲ್ಲವೆಂದು ಕೋಡೆಲ್ ತಿಳಿಯುತ್ತದೆ. ಲೇಟೆನ್ಸಿಗೆ ‘ಸುಪ್ತತೆ’ ಬೇಡವೇ ಬೇಡ, ಅಲ್ಲಿ ಯಾವುದೂ ನಿದ್ದೆ ಮಾಡುತ್ತಿಲ್ಲ, ‘ವಿಳಂಬ’ ಸಾಕು. ಬಫರ್ ಅತಿ ದೊಡ್ಡದಾಗಿ ಸಾಲು ಕರಗದೆ ವಿಳಂಬ ಬೆಳೆಯುವ, ಜಿಮ್ ಗೆಟ್ಟಿಸ್ ಹೆಸರಿಟ್ಟ ‘ಬಫರ್‌ಬ್ಲೋಟ್’ ಎಂಬ ಕಾಯಿಲೆಗೆ ಹೊಟ್ಟೆಯುಬ್ಬರದ ಮಾದರಿಯಲ್ಲಿ ‘ಬಫರ್ ಉಬ್ಬರ’ ಚೆನ್ನಾಗಿ ಒಪ್ಪುತ್ತದೆ. ಕಡಲಿನ ಉಬ್ಬರಕ್ಕೆ ಇಳಿತವಿದೆ, ಇದು ತಾನಾಗಿ ಇಳಿಯುವುದಿಲ್ಲ ಎಂಬ ಆಕ್ಷೇಪ ಬಂದರೆ ಒಪ್ಪುತ್ತೇನೆ.

ಕಂಜೆಶನ್ನಿಗೆ ‘ದಟ್ಟಣೆ’ ಎಂಬುದು ರೂಢಿಯಾಗಿದೆ. ‘ವಾಹನ ದಟ್ಟಣೆ’ ಎನ್ನುವಾಗ ವಾಹನಗಳು ಹೆಚ್ಚಿವೆ ಎಂದಷ್ಟೇ ಹೇಳುತ್ತಿದ್ದೇವೆಯೋ, ಅವು ಸಾಗುತ್ತಿಲ್ಲ ಎನ್ನುತ್ತಿದ್ದೇವೆಯೋ ತಿಳಿಯುವುದಿಲ್ಲ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವೆ, ಕೇವಲ 400 ಗಜಗಳ ಅಂತರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್‌ಗಳಿದ್ದ ವೇಗ 40 ಬಿಟ್‌ಗಳಿಗೆ ಕುಸಿಯಿತು. ತಲುಪಲಿಲ್ಲವೆಂದು ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸುವಾಗ ಆಗುವುದು ದಟ್ಟಣೆಯಲ್ಲ, ‘ನೂಕುನುಗ್ಗಲು’: ನೂಕಿದಷ್ಟೂ ಯಾರೂ ಮುಂದೆ ಹೋಗುವುದಿಲ್ಲ. ಒಂದೇ ಚಾನೆಲ್ಲಿನಲ್ಲಿ ಅಕ್ಕಪಕ್ಕದ ಮನೆಗಳ ರೂಟರ್‌ಗಳೆಲ್ಲ ಸೇರಿದ ಸ್ಥಿತಿಗೆ ‘ದಟ್ಟಣೆ’ಯನ್ನೂ ಈ ಕುಸಿತಕ್ಕೆ ‘ನೂಕುನುಗ್ಗಲ’ನ್ನೂ ಬಳಸಬೇಕೆಂಬುದು ನನ್ನ ಒಲವು.

ಡ್ರಾಪ್ ವಿಷಯದಲ್ಲಿ ನಾನು ಹಟಮಾರಿ. ಗದ್ದಲಕ್ಕೆ ಸಿಕ್ಕಿ ಗಾಳಿಯಲ್ಲಿ ಹಾಳಾದ ಪ್ಯಾಕೆಟ್ ‘ಕಳೆದುಹೋಯಿತು’. ಕಳುಹಿಸುವವರು ನಿಧಾನಿಸಲಿ ಎಂದು ರೂಟರ್ ಬೇಕೆಂದೇ ತೆಗೆದುಹಾಕಿದ ಪ್ಯಾಕೆಟ್ಟನ್ನು, ಪಟ್ಟಿಯಿಂದ ಹೆಸರು ಕೈಬಿಟ್ಟಂತೆ, ‘ಕೈಬಿಡಲಾಯಿತು’. ಕಳುಹಿಸುವ ವೇಗವನ್ನು ಹೊಂದಿಸುವ ನಿಯಮಾವಳಿಯಾದ ಟಿಸಿಪಿಯ ಹಳೆಯ ರೂಪ ಎರಡನ್ನೂ ನೂಕುನುಗ್ಗಲಿನ ಸೂಚನೆಯೆಂದೇ ಓದುತ್ತಿತ್ತು. ಆ ತಪ್ಪನ್ನು ತಪ್ಪಿಸಲು ವೈಫೈ ಕಳೆದುದನ್ನು ತಾನೇ ಮತ್ತೆ ಕಳುಹಿಸುತ್ತದೆ, ಹಾಗಾಗಿ ನಷ್ಟವು ವಿಳಂಬದ ರೂಪ ತಾಳುತ್ತದೆ. ಎರಡಕ್ಕೂ ಒಂದೇ ಕ್ರಿಯಾಪದವಿದ್ದರೆ ವಿದ್ಯಾರ್ಥಿಗೆ ಈ ಭಾಗ ಅರ್ಥವಾಗಲಾರದು.

‘ಕರಗದ ಸಾಲು’ ಎಂಬುದಕ್ಕೆ ನಿಮ್ಮ ಊರಿನ ಕಡೆ ಒಂದೇ ಪದವೇನಾದರೂ ಇದೆಯೇ? ಸಂತೆ, ಗಿರಣಿ, ನೀರಿನ ನಲ್ಲಿಗಳ ಮುಂದೆ ದಿನವಿಡೀ ಕಾದವರ ಮಾತಿನಲ್ಲಿ ಅದು ಇದ್ದೀತೆಂದು ನನಗನ್ನಿಸುತ್ತದೆ. ದಯವಿಟ್ಟು ಬಳಕೆಯ ವಾಕ್ಯದೊಡನೆ ತಿಳಿಸಿ.