ಹಿನ್ನೀರಿನ ಲಾಂಚ್ ನಿಂತರೆ ಉತ್ತರ ಕೊಡಬೇಕಾದವರು ಯಾರು?

ಪ್ರಶ್ನೆ:
ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಶರಾವತಿ ಹಿನ್ನೀರಿನವರ ಕಷ್ಟವೆಲ್ಲ ತೀರಿತೆಂದು ಹೊರಗಿನವರು ಭಾವಿಸಿದಂತಿದೆ. ಆದರೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ದ್ವೀಪದಂತಾದ ಊರುಗಳೆಲ್ಲವೂ ಆ ಸೇತುವೆಯ ದಾರಿಯಲ್ಲಿಲ್ಲ. ಬೇರೆ ಕಡವುಗಳನ್ನು ನಂಬಿದವರು ಈಗಲೂ ಲಾಂಚನ್ನೇ ಕಾಯಬೇಕು. ನಮ್ಮ ಕಡವಿನಲ್ಲಿ ಲಾಂಚ್ ಕೆಟ್ಟು ನಿಂತರೆ ಯಾವಾಗ ದುರಸ್ತಿಯಾಗುತ್ತದೆಂಬ ಒಂದು ಸೂಚನಾ ಫಲಕವೂ ಇರುವುದಿಲ್ಲ. ಕೇಳಿದರೆ ‘ಮೇಲಿನವರಿಗೆ ತಿಳಿಸಿದ್ದೇವೆ’ ಎನ್ನುತ್ತಾರೆ. ಇಂಥ ವಿಳಂಬಕ್ಕೆ ‘ಸಕಾಲ’ದಡಿ ದೂರು ಕೊಡಲು ಬರುತ್ತದೆಯೇ?

ಪ್ರತಿಕ್ರಿಯೆ 1:
ಬರುವುದಿಲ್ಲ. 2011ರ ಸಕಾಲ ಕಾಯ್ದೆ ಇರುವುದು ಅರ್ಜಿ ಕೊಟ್ಟು ಪಡೆಯುವ ಸೇವೆಗಳಿಗೆ. ಜಾತಿ ಪ್ರಮಾಣಪತ್ರ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು, ಲಾಂಚ್ ತಡವಾದುದಕ್ಕೆ ಆ ದಾರಿಯಿಲ್ಲ. ಅಲ್ಲದೆ, ವೇಳಾಪಟ್ಟಿಯೇ ಲಿಖಿತವಾಗಿ ಇಲ್ಲದ ಕಡೆ ‘ತಡ’ ಎಂಬುದನ್ನು ಸಾಬೀತುಪಡಿಸುವುದಾದರೂ ಹೇಗೆ? ಆದ್ದರಿಂದ ಮೊದಲು ದಾಖಲೆ ಕೈಗೆ ಬರಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ ವೇಳಾಪಟ್ಟಿಯ ಆದೇಶ, ಲಾಂಚಿನ ಲಾಗ್‌ಬುಕ್, ದುರಸ್ತಿಗೆ ಬರೆದ ಪತ್ರಗಳು ಮತ್ತು ಒಳನಾಡು ನೌಕೆಗಳ ಕಾಯ್ದೆಯನ್ವಯ ಇರಬೇಕಾದ ಸರ್ವೆ ಪ್ರಮಾಣಪತ್ರವನ್ನು (ನೌಕೆ ಓಡಲು ಯೋಗ್ಯವೆಂಬ ತಪಾಸಣಾ ಪತ್ರ) ಕೇಳಿ. ಲಾಗ್‌ಬುಕ್ ಇಲ್ಲವೆಂದರೆ, ಇಲ್ಲವೆಂಬುದನ್ನೇ ಬರವಣಿಗೆಯಲ್ಲಿ ಪಡೆದುಕೊಳ್ಳಿ; ಮುಂದಿನ ದೂರಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಸಿಗಲಾರದು.

ಪ್ರತಿಕ್ರಿಯೆ 2:
ಯಂತ್ರ ಕೆಡುವುದು ಒಂದು ಮುಖವಾದರೆ, ನೀರು ಇಳಿಯುವುದು ಇನ್ನೊಂದು. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಲಾಂಚಿನ ಹಲಗೆ ದಡದ ಪ್ಲಾಟ್‌ಫಾರಂಗೆ ಎಟಕುವುದಿಲ್ಲ, 60 ವರ್ಷಗಳ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ತಲೆಯೆತ್ತಿ ತಳಕ್ಕೆ ತಾಗುತ್ತವೆ. 2023ರ ಜೂನ್‌ನಲ್ಲಿ ಸಿಗಂದೂರಿನ ಲಾಂಚಿನಲ್ಲೇ ವಾಹನ ಸಾಗಣೆ ನಿಲ್ಲಿಸಬೇಕಾಯಿತು. ಇದನ್ನು ಮಳೆಯ ತಲೆಗೆ ಕಟ್ಟಿ ಸುಮ್ಮನಾಗುವುದು ರೂಢಿ. ಆದರೆ ಜಲಾಶಯದ ಗರಿಷ್ಠ ಮಟ್ಟವಾದ 1,819 ಅಡಿಯಿಂದ ನೀರು ಎಷ್ಟು, ಯಾವಾಗ ಇಳಿಯಬೇಕೆಂಬುದು ಬಹುಮಟ್ಟಿಗೆ ವಿದ್ಯುತ್ ಉತ್ಪಾದನೆಯ ಲೆಕ್ಕಾಚಾರಕ್ಕೆ ಸೇರಿದ್ದು; ನೀರು ವಿದ್ಯುತ್ ನಿಗಮದ ಕೈಯಲ್ಲಿ, ಲಾಂಚ್ ಜಲಸಾರಿಗೆಯವರ ಕೈಯಲ್ಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ ಆಗುವುದನ್ನು ಅನಿರೀಕ್ಷಿತ ಎನ್ನಲಾಗದು. ಮಟ್ಟ ಇಷ್ಟಕ್ಕೆ ಇಳಿದರೆ ಪ್ಲಾಟ್‌ಫಾರಂ ಎಲ್ಲಿಗೆ ಸರಿಯಬೇಕು, ಬದಲಿ ಬಸ್ ಯಾವ ಮಾರ್ಗದಲ್ಲಿ ಓಡಬೇಕು ಎಂಬುದನ್ನು ಜಿಲ್ಲಾಧಿಕಾರಿಗಳು ಇಬ್ಬರನ್ನೂ ಕೂರಿಸಿ ಮೊದಲೇ ಬರೆಸಿಡಬೇಕು.

ಪ್ರತಿಕ್ರಿಯೆ 3:
ಸ್ಕಾಟ್ಲೆಂಡಿನ ಪ್ರಕರಣವನ್ನೂ ಗಮನಿಸಬಹುದು. 2015ರಲ್ಲಿ 9.7 ಕೋಟಿ ಪೌಂಡಿಗೆ ಗುತ್ತಿಗೆ ಕೊಟ್ಟ ಎರಡು ಹಡಗುಗಳ ಪೈಕಿ, 2018ರಲ್ಲಿ ಬರಬೇಕಿದ್ದ ‘ಗ್ಲೆನ್ ಸ್ಯಾನಕ್ಸ್’ ಆರನ್ ದ್ವೀಪದ ಸೇವೆಗೆ ಬಂದದ್ದು 2025ರ ಜನವರಿಯಲ್ಲಿ. ಆ ಗುತ್ತಿಗೆಯಲ್ಲಿ ಅಪಾಯಗಳಿದ್ದೂ ಸಚಿವರು ಅದಕ್ಕೆ ಒಪ್ಪಿಗೆ ಕೊಟ್ಟದ್ದೇಕೆಂದು ವಿವರಿಸುವ ದಾಖಲೆ ಸಾಲದೆಂದು ಅಲ್ಲಿನ ಲೆಕ್ಕಪರಿಶೋಧಕರು 2022ರಲ್ಲಿ ಬರೆದರು. ಹಡಗೇನೂ ಅದರಿಂದ ಬೇಗ ಬರಲಿಲ್ಲ ಎಂಬುದು ನಿಜ; ಆದರೂ ‘ಯಾರು, ಯಾಕೆ ಒಪ್ಪಿದರು’ ಎಂಬ ಪ್ರಶ್ನೆಗೆ ಸರ್ಕಾರ ಸಂಸತ್ತಿನಲ್ಲಿ ನಿಂತು ಉತ್ತರಿಸಬೇಕಾಯಿತು. ನಮ್ಮ ಶಾಸಕರು ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ) ಕೇಳಿದರೆ ಇಲ್ಲಿಯೂ ಅದು ಸಾಧ್ಯ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಲಾಗ್‌ಬುಕ್ ಮತ್ತು ನೀರಿನ ಮಟ್ಟದ ವಿವರ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದೇ?

ಪ್ರತಿಕ್ರಿಯೆ 1:
ಬೇಡ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದಗಳೊಳಗೆ. ಎರಡು ಇಲಾಖೆಗಳಿಗೆ ತಲಾ 10 ರೂಪಾಯಿ ಶುಲ್ಕದೊಂದಿಗೆ ಬೇರೆ ಬೇರೆ ಅರ್ಜಿ ಹಾಕಿ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಮೇಲ್ಮನವಿ ಸಲ್ಲಿಸಿ. ಕಡತವನ್ನು ಖುದ್ದಾಗಿ ನೋಡುವ ಅವಕಾಶವನ್ನೂ ಅರ್ಜಿಯಲ್ಲೇ ಕೋರಿ. ಲಾಂಚ್ ಓಡದ ದಿನಗಳ ಪುಟಗಳನ್ನು ನೀವೇ ಗುರುತಿಸಿ ನಕಲು ಪಡೆಯಬಹುದು.