ಊರಂಚಿನ ವಸತಿ ಸಮುಚ್ಚಯಕ್ಕೆ ಆಕ್ಷೇಪಣೆ ಸಲ್ಲಿಸುವುದೆಲ್ಲಿ?

ಪ್ರಶ್ನೆ: ಆನೇಕಲ್ ತಾಲ್ಲೂಕಿನ ನಮ್ಮೂರ ಕೆರೆಯ ಮೇಲ್ಭಾಗದಲ್ಲಿ, ಮೊನ್ನೆಮೊನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ, ನೂರಾರು ಮನೆಗಳ ಬಹುಮಹಡಿ ಸಮುಚ್ಚಯ ತಲೆಯೆತ್ತಲಿದೆ. ಗಾಡಿಜಾಡಿನಂತಿರುವ ರಸ್ತೆಯಲ್ಲಿ ಎರಡು ನೀರಿನ ಟ್ಯಾಂಕರ್‌ಗಳು ಎದುರಾದರೆ ಈಗಲೇ ಒಂದು ಹಿಂದಕ್ಕೆ ಸರಿಯಬೇಕು. ಗ್ರಾಮಸ್ಥರು ಯಾರಿಗೆ ಆಕ್ಷೇಪಣೆ ಸಲ್ಲಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಮೊದಲು ಭೂಬಳಕೆಯನ್ನು ಪರಿಶೀಲಿಸಿ. ಯಾವ ಜಮೀನನ್ನು ಯಾವುದಕ್ಕೆ ಬಳಸಬೇಕೆಂದು ಗೊತ್ತುಪಡಿಸುವ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ನಿಮ್ಮೂರಿನ ಆ ಜಮೀನು ಕೃಷಿ ವಲಯದಲ್ಲಿದ್ದರೆ, ಅದನ್ನು ಬದಲಾಯಿಸುವ ಮುನ್ನ ಯೋಜನಾ ಪ್ರಾಧಿಕಾರವು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 14ಎ ಅನ್ವಯ ಪತ್ರಿಕಾ ಪ್ರಕಟಣೆ ನೀಡಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು; ಒಳಪುಟದ ಆ ಸಣ್ಣ ಪ್ರಕಟಣೆ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ಈಗಾಗಲೇ ವಸತಿ ವಲಯವಾಗಿದ್ದರೆ ನಿಮ್ಮ ವಾದ ದುರ್ಬಲ.

ಉತ್ತರ 2: ನಿರ್ಮಿತ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಕೇಂದ್ರ ಅಧಿಸೂಚನೆಯಂತೆ ಪರಿಸರ ಅನುಮತಿ ಕಡ್ಡಾಯ. ಕಟ್ಟಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲವಾದರೂ ಸಂಬಂಧಪಟ್ಟ ರಾಜ್ಯ ಪ್ರಾಧಿಕಾರಕ್ಕೆ ಲಿಖಿತ ಮನವಿ ಸಲ್ಲಿಸಬಹುದು. ಅಂತರ್ಜಲ ಅತಿಬಳಕೆಯ ತಾಲ್ಲೂಕುಗಳಲ್ಲಿ ಆನೇಕಲ್ ಸೇರಿರುವುದರಿಂದ ನೀರಿನ ವಿಷಯವನ್ನೇ ಮುಂದಿಡಿ, ರಾಜಕಾಲುವೆ ಕಾಣುವ ಗ್ರಾಮನಕ್ಷೆಯನ್ನು ಲಗತ್ತಿಸಿ.

ಉತ್ತರ 3: ಬೆಂಗಳೂರಿಗೆ ದುಡಿಯಲು ಬಂದವರಿಗೂ ಮನೆ ಬೇಕಲ್ಲವೇ? ಯೋಜನೆಯೇ ಬೇಡವೆನ್ನುವುದಕ್ಕಿಂತ, ಕೊಳಚೆ ನೀರು ಶುದ್ಧೀಕರಣ ಘಟಕ ಕೆಲಸ ಆರಂಭಿಸದೆ ಸ್ವಾಧೀನ ಪತ್ರ (ಕಟ್ಟಡದಲ್ಲಿ ವಾಸ ಆರಂಭಿಸಲು ಬೇಕಾದ ಅನುಮತಿ) ನೀಡಬಾರದೆಂದು ಪಟ್ಟು ಹಿಡಿಯುವುದು ಸೂಕ್ತ.